ಯಂತ್ರದ ಸದ್ದು, ಹಕ್ಕಿಯ ಹಾಡು

ಕೆನಡಾದ ಶೀತವಲಯದ ಬೋರಿಯಲ್ ಕಾಡು ಕೋಟ್ಯಂತರ ಹಾಡುಹಕ್ಕಿಗಳ ತವರು. ದಕ್ಷಿಣದಲ್ಲಿ ಚಳಿಗಾಲ ಕಳೆದ ವಾರ್ಬ್ಲರ್ ಎಂಬ ಪುಟ್ಟ ಹಾಡುಹಕ್ಕಿಗಳು ವಸಂತದಲ್ಲಿ ಇಲ್ಲಿಗೆ ಮರಳಿ ಗೂಡು ಕಟ್ಟುತ್ತವೆ. ಆಲ್ಬರ್ಟಾ ಪ್ರಾಂತ್ಯದಲ್ಲಿ ಇದೇ ಕಾಡಿನ ನೆಲದಡಿ ತೈಲ, ಅನಿಲ ನಿಕ್ಷೇಪಗಳಿವೆ. ಅವುಗಳ ಶೋಧಕ್ಕಾಗಿ ಮರ ಕಡಿದು ಮಾಡಿದ ನೇರ ಹಾದಿಗಳು ಕಾಡನ್ನು ತುಂಡರಿಸಿವೆ. ಎಷ್ಟೋ ಕಡೆ ದಶಕಗಳಾದರೂ ಮರಗಳು ಮತ್ತೆ ಬೆಳೆದಿಲ್ಲ.

ಅನಿಲ ಸಾಗಿಸುವ ಕಂಪ್ರೆಸರ್‌ಗಳ ಹಗಲಿರುಳಿನ ಸದ್ದೂ ಹಾನಿಕರ. 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸದ್ದಿಲ್ಲದ ಅನಿಲ ಬಾವಿಗಳ ಬಳಿ ಓವನ್‌ಬರ್ಡ್ ಎಂಬ ವಾರ್ಬ್ಲರ್ ಜಾತಿಯ ಗಂಡುಗಳಲ್ಲಿ ಶೇ 92ರಷ್ಟಕ್ಕೆ ಸಂಗಾತಿ ಸಿಕ್ಕರೆ, ಕಂಪ್ರೆಸರ್‌ಗಳ ಬಳಿ ಸಿಕ್ಕಿದ್ದು ಶೇ 77ರಷ್ಟಕ್ಕೆ ಮಾತ್ರ. ಹೆಣ್ಣನ್ನು ಸೆಳೆಯುವ ಗಂಡಿನ ಹಾಡನ್ನು ಸದ್ದು ಮಸುಕಾಗಿಸುವುದು ಇದಕ್ಕೆ ಕಾರಣವಿರಬಹುದು.

ಪರಿಹಾರಗಳಿವೆ: ಶೋಧದ ಹಾದಿ ಕಿರಿದಾಗಬೇಕು, ಗೂಡಿನ ಕಾಲದಲ್ಲಿ ಕೊಡಲಿ ನಿಲ್ಲಬೇಕು, ಯಂತ್ರಗಳಿಗೆ ಶಬ್ದತಡೆ ಗೋಡೆ ಬೇಕು. ಕೈಗಾರಿಕೆಯ ನಕ್ಷೆ ಬರೆಯುವಾಗಲೇ ಹಕ್ಕಿಗೂ ಜಾಗ ಮೀಸಲಿಡುವುದು ನಿಜವಾದ ಅಭಿವೃದ್ಧಿ.