ಮಠಶಬ್ದವಿಚಾರ

ಈ ಮಹೋತ್ಸವದಲ್ಲಿ 'ಮಠ'ವೆಂಬ ಶಬ್ದದ ಅರ್ಥವನ್ನು ಕಿಂಚಿತ್ ವಿಚಾರಿಸುವೆನು.

ಸಂಸ್ಕೃತದ ಧಾತುಪಾಠದಲ್ಲಿ 'ಮಠ' ಧಾತುವಿಗೆ ಮದ, ನಿವಾಸ ಎಂಬೆರಡು ಅರ್ಥಗಳುಂಟು. ಅಮರಸಿಂಹನು ತನ್ನ ಕೋಶದಲ್ಲಿ, ವಿದ್ಯಾರ್ಥಿಗಳೇ ಮೊದಲಾದವರು ವಾಸಿಸುವ ಮನೆಯೇ ಮಠವೆಂದಿರುವನು. ಕನ್ನಡವೂ ಇದನ್ನು ಮರೆತಿಲ್ಲ. ಹಿಂದಿನ ಊರಶಾಲೆಗಳಿಗೆ ಕೂಲಿಮಠವೆಂದೇ ಹೆಸರಿದ್ದಿತು. ತಮಿಳಿನಲ್ಲಿ ಅದು 'ಮಡಂ' ಆಗಿ, ಸಂನ್ಯಾಸಿಗಳ ಮಠವಲ್ಲದೆ ದಾರಿಗರು ತಂಗುವ ಛತ್ರವೂ ಆಯಿತು. ಮಲೆಯಾಳದಲ್ಲಿ ಬ್ರಾಹ್ಮಣರ ಮನೆಗೂ ಕ್ರೈಸ್ತ ಸಂನ್ಯಾಸಿನಿಯರ ನಿಲಯಕ್ಕೂ 'ಮಠಂ' ಎಂಬುದೊಂದೇ ಹೆಸರು. ವಂಗಭಾಷೆಯಲ್ಲಾದರೋ, ಯತಿಗಳ ನಿವಾಸವಲ್ಲದೆ, ಚಿತಾಸ್ಥಳದಲ್ಲಿ ಮೃತರ ನೆನಪಿಗಾಗಿ ಎತ್ತಿದ ಶಿಖರಾಕಾರದ ಕಟ್ಟಡವೂ ಮಠವೇ. ಅದರಲ್ಲಿ ಯಾರೂ ವಾಸಿಸರು.

ಈ ಅರ್ಥಭೇದಗಳು ನಮಗೆ ಬೋಧಿಸುವುದೇನು? ಓದುವ ಮಕ್ಕಳೂ ಹಸಿದು ಬಂದ ದಾರಿಗರೂ ಇರುವವರೆಗೆ ನಮ್ಮ ಮಠವು ನಿವಾಸವು. ಅವರಿಲ್ಲದೆ ಗೋಪುರವೊಂದೇ ಬೆಳೆದರೆ ಅದು ವಂಗದೇಶದ ಆ ಸ್ಮಾರಕದಂತಾದೀತು. ಅದನ್ನೇ ಕಂಡು ನಾವು ಹಿಗ್ಗಿದರೆ ಧಾತುವಿನ ಮೊದಲನೆಯ ಅರ್ಥವಾದ ಮದವೊಂದೇ ಉಳಿದೀತು. ಆದುದರಿಂದ ಈ ಉತ್ಸವದ ಕಾಣಿಕೆಯಲ್ಲಿ ಮೊದಲ ಪಾಲು ಪಾಠಶಾಲೆಗೂ ದಾಸೋಹಕ್ಕೂ ಸಲ್ಲಲೆಂದು ಸನ್ನಿಧಿಯಲ್ಲಿ ಬಿನ್ನವಿಸಿ ವಿರಮಿಸುವೆನು.