ಅಣೆಕಟ್ಟನ್ನು ಕಾಯುವ ಕೆಲಸ



ಹೊಸ ಅಣೆಕಟ್ಟೆಂದೊಡನೆ ನಮ್ಮವರ ಎದೆ ಹಿಗ್ಗುವದು. ಹಳೆಯದರ ದುರಸ್ತಿಯೆಂದರೆ ಯಾರೂ ಕಿವಿಗೊಡರು. ಹೊಸಪೇಟೆಯ ಬಳಿಯ ತುಂಗಭದ್ರೆಯ ಕಟ್ಟೆಯನ್ನೇ ನೋಡಿರಿ. 1945ರಲ್ಲಿ ಕೆಲಸವು ಆರಂಭವಾದಾಗ ಒಂದು ದಡ ಮದ್ರಾಸ್ ಪ್ರಾಂತದ್ದು, ಇನ್ನೊಂದು ನಿಜಾಮನದು. ಎರಡೂ ಕಡೆಯ ಜನರು ಬಹುಮಟ್ಟಿಗೆ ಕನ್ನಡಿಗರೇ! 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಅಂದು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ, ಈಗ ಸುಮಾರು 105 ಮಾತ್ರ ಹಿಡಿಸುವದು.

ಇಷ್ಟಕ್ಕೇ ಮುಗಿಯಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ಸರಪಳಿಯೊಂದು ತುಂಡಾಗಿ, 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ರಭಸದಿಂದ ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ, ವಾರದಲ್ಲಿ ಆ ಬಾಯಿಯನ್ನು ಮುಚ್ಚಿದರು. ಆ ಸಾಹಸವು ಸ್ತುತ್ಯವೇ ಸರಿ. ಆದರೆ ಸಾಹಸದ ಅವಶ್ಯಕತೆಯೇ ಏಕೆ ಬರಬೇಕು? ಉಳಿದ ಗೇಟುಗಳನ್ನೂ ನಂಬಲಾಗದೆ, 2025ರಲ್ಲಿ 80 ಟಿ.ಎಂ.ಸಿ.ಗಷ್ಟೇ ನೀರು ನಿಲ್ಲಿಸಬೇಕೆಂದು ನಿರ್ಧರಿಸಲಾಯಿತು. ಮಳೆ ಬಂದರೂ ನೀರಿಲ್ಲ! ರಾಯಚೂರು, ಕೊಪ್ಪಳ, ಬಳ್ಳಾರಿಗಳ ರೈತರ ಎರಡನೆಯ ಬೆಳೆಯು ನಿಂತಿರುವದು ಈ ನೀರಿನ ಮೇಲೆಯೇ.

ಹೊಸ ಯೋಜನೆಯ ಅಡಿಗಲ್ಲಿಗೆಂದು ನಿಮ್ಮೂರಿಗೆ ಬರುವ ಪ್ರತಿನಿಧಿಗೆ ಹಾರ ಹಾಕುವ ಮೊದಲು, ಹಳೆಯ ಕಟ್ಟೆಯ ದುರಸ್ತಿಗೆ ಈ ವರ್ಷ ಎಷ್ಟು ಹಣ ತೆಗೆದಿರಿಸಿದೆಯೆಂದು ಕೇಳಿರಿ.