ಮುಂದಿನ ಪೊರೆ, ಹಿಂದಿನ ಪೊರೆ

ಕಣ್ಣಿಗೆ ಪೊರೆ ಬಂದಿದೆ ಎಂದರೆ ನವಲಗುಂದ, ಕುಂದಗೋಳ, ಕಲಘಟಗಿಗಳ ಕಡೆ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. 2005ರಲ್ಲಿ ತೀರಿಕೊಂಡ ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ಶಿಬಿರ ಹೂಡಿ ಪೊರೆ ತೆಗೆಯುತ್ತಿದ್ದ ಕಾಲದಿಂದಲೂ, ಪೊರೆ ತೆಗೆಸಿದರೆ ದೃಷ್ಟಿ ಮರಳುತ್ತದೆಂಬ ನಂಬಿಕೆ ನಮ್ಮ ಜನರಲ್ಲಿ ಬೇರೂರಿದೆ. ನಾನಿಂದು ಹೇಳಹೊರಟಿರುವುದು ಇನ್ನೊಂದು ಪೊರೆಯ ವಿಚಾರ. ಮೊದಲನೆಯದರಲ್ಲಿ ಕಣ್ಣಿನ ಮುಂಭಾಗದ ಮಸೂರವೇ ಮಬ್ಬಾಗುತ್ತದೆ. ಇದಾದರೋ ಕಣ್ಣಿನ ಹಿಂಗೋಡೆಯ ಅಕ್ಷಿಪಟದ ಮೇಲೆ, ಮಾಯ್ದ ಗಾಯದಲ್ಲಿ ಕಲೆ ಕಟ್ಟುವಂತೆ, ಬೆಳೆಯುವ ತೆಳು ಹಾಳೆ. ಅದು ಮುದುಡಿ ಎಳೆದಾಗ ಅಕ್ಷಿಪಟವೂ ಸುಕ್ಕುಗಟ್ಟುತ್ತದೆ.

ಮಬ್ಬಿಗಿಂತ ಸೊಟ್ಟತನವೇ ಇದರ ಗುರುತು. ನವಲಗುಂದದಲ್ಲಿ ಜಮಖಾನ ನೇಯುವ ಹಿರಿಯ ಹೆಣ್ಣುಮಗಳೊಬ್ಬರು ನನಗೆ ಹೇಳಿದ್ದರು: “ಹಾಸಿನ ನೂಲು ನೆಟ್ಟಗ ಐತ್ರಿ, ಕೈಗೆ ಗೊತ್ತಾಗತೈತಿ. ಕಣ್ಣಿಗೆ ಮಾತ್ರ ನಡುವ ಬಾಗಿದಂಗ ಕಾಣತೈತಿ.”

ಈ ಹಾಳೆ ಹನಿಮದ್ದಿಗಾಗಲಿ ಕನ್ನಡಕಕ್ಕಾಗಲಿ ಬಗ್ಗದು. ತೀರ ತೊಂದರೆ ಕೊಡುವಂತಿದ್ದರೆ ನವುರಾದ ಚಿಮಟದಿಂದ ಸುಲಿದೇ ತೆಗೆಯಬೇಕು. ರೂಢಿಯ ಕ್ರಮದಲ್ಲಿ, ಕಣ್ಣಿನ ಒಡಲನ್ನು ತುಂಬಿರುವ ತತ್ತಿಯ ಬಿಳಿಯಂಥ ಲೋಳೆಯನ್ನು ಮೊದಲು ಕತ್ತರಿಸಿ ಹೀರಿ, ಅಲ್ಲಿ ಲವಣದ್ರವ ತುಂಬುತ್ತಾರೆ. 1970ರ ಸುಮಾರಿಗೆ ಅಮೆರಿಕದ ಮಯಾಮಿಯಲ್ಲಿ ರಾಬರ್ಟ್ ಮಾಖೆಮರ್ ಈ ದಾರಿ ತೆರೆದಾಗ ಉಪಕರಣದ ದಪ್ಪ 2 ಮಿಲಿಮೀಟರಿಗೂ ಮಿಗಿಲಾಗಿತ್ತು. ಇಂದು ಅರ್ಧ ಮಿಲಿಮೀಟರಿನದೇ ಸಾಕು. ಬಹಳಷ್ಟು ಕಣ್ಣುಗಳಿಗೆ ಹೊಲಿಗೆಯೂ ಬೇಡ.

ಆದರೆ ಲೋಳೆ ಕಳೆದುಕೊಂಡ ಕಣ್ಣಿನಲ್ಲಿ, ವಯಸ್ಸು 50 ದಾಟಿದ್ದರೆ, ಒಂದೆರಡು ವರ್ಷಗಳಲ್ಲಿ ಮುಂದಿನ ಪೊರೆ ಬಲಿಯುವುದು ಬಹುತೇಕ ಖಂಡಿತ. ಹಿಂದಿನದನ್ನು ತೆಗೆಸಲು ಹೋಗಿ ಮುಂದಿನದನ್ನು ತಂದುಕೊಂಡಂತಾಯಿತು! ಇದನ್ನು ತಪ್ಪಿಸಲೆಂದೇ ಜಪಾನಿನ ಕೆಲವು ವೈದ್ಯರು ಲೋಳೆಯನ್ನು ಇದ್ದಂತೆಯೇ ಬಿಟ್ಟು ಹಾಳೆಯೊಂದನ್ನೇ ಸುಲಿಯುವ ಸೌಮ್ಯ ವಿಧಾನವನ್ನು ಪ್ರಯೋಗಿಸಿದರು. ಮಸೂರ ತಿಳಿಯಾಗಿ ಉಳಿಯಿತು. ಹಾಳೆ ಮಾತ್ರ ಮರಳಿ ಬೆಳೆಯುವ ಪ್ರಸಂಗಗಳು ಹೆಚ್ಚಿದವು. ರೂಢಿಯ ಕ್ರಮದಲ್ಲಾದರೆ ಹಾಳೆಯ ಅಡಿಯ ಒಳಪದರವನ್ನೂ ಸುಲಿಯುವುದರಿಂದ ಅದು ಮರುಕಳಿಸುವುದು ವಿರಳ.

‘ಸೌಮ್ಯ’ ಎಂಬ ಮಾತಿಗೆ ನಾನು ಬೇಗನೆ ಮರುಳಾಗಲಾರೆ. ಮುಂದಿನ ಪೊರೆಗೆ ಪಳಗಿದ ಕೈಯ ಕಣ್ಣಿನ ವೈದ್ಯರು ಸಾಕು, ಮತ್ತು ಆ ಕೈಗಳು ನಮ್ಮಲ್ಲಿ ಹೇರಳವಾಗಿವೆ. ಮರಳಿ ಬಂದ ಹಾಳೆಗಾದರೆ ಮತ್ತೆ ಅಕ್ಷಿಪಟದ ತಜ್ಞರನ್ನೇ ಅರಸಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಬೇಕು. ಸುಗ್ಗಿಯ ದಿನಗಳಲ್ಲಿ ಯಾರು ಕರೆದೊಯ್ಯುವರು? ಅದಲ್ಲದೆ, ಮಸೂರ ಆಗಲೇ ಮಬ್ಬಾಗಿದ್ದವರಿಗೆ ಎರಡನ್ನೂ ಒಂದೇ ಸಲ ತೆಗೆಯುವುದುಂಟು. ಅಂಥವರಿಗೆ ಸೌಮ್ಯ ವಿಧಾನ ಉಳಿಸಿಕೊಡುವುದಾದರೂ ಏನನ್ನು? ಐವತ್ತರ ಆಸುಪಾಸಿನ, ಮಸೂರ ಇನ್ನೂ ತಿಳಿಯಾಗಿರುವವರು ಮಾತ್ರ ಈ ಪ್ರಶ್ನೆಯನ್ನು ವೈದ್ಯರ ಮುಂದೆ ಇಡಬೇಕಾದವರು.

ಯಾವ ವಿಧಾನವಾದರೂ ದೃಷ್ಟಿ ತಿಳಿಯಾಗಲು ತಿಂಗಳುಗಳೇ ಬೇಕು; ಸೊಟ್ಟು ಕಡಿಮೆಯಾದೀತು, ಪೂರ್ತಿ ಹೋಗುವುದು ಅಪರೂಪ. ಸಂಶಯವಿದ್ದವರು ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಕಿಟಕಿಯ ಸರಳುಗಳನ್ನು ನೋಡಬೇಕು, ಬಳಿಕ ಇನ್ನೊಂದನ್ನು. ಎರಡೂ ತೆರೆದಿದ್ದರೆ ಒಳ್ಳೆಯ ಕಣ್ಣು ಮತ್ತೊಂದರ ಸೊಟ್ಟನ್ನು ಮರೆಸಿಬಿಡುತ್ತದೆ.